ಎಳೆಗಾಡಿಯ ಮುಂದಿನ ಸೀಟು

ಹತ್ತು, ಥೀಲೋ. ಈ ಬಟ್ಟೆಗೆ ಕೈ ಒರೆಸಿಕೋ.
ನಡುಕ ತಾನಾಗಿ ನಿಲ್ಲುತ್ತದೆ,
ಬ್ರೈಡ್‌ಶೈಡ್ ಸೇತುವೆ ಬರುವಷ್ಟರಲ್ಲಿ.
ಹಿಂದೆ ತಿರುಗಿ ನೋಡಬೇಡ,
ಕೊಕ್ಕೆಗೆ ಬಿದ್ದ ಕಾರು ಎಲ್ಲಿಗೂ ಓಡಿಹೋಗುವುದಿಲ್ಲ.

ಬೇಲಿ ಹನ್ನೊಂದು ಮೀಟರು ಹೋಯಿತು.
ಲೆಕ್ಕ ಬರೆಯುವವರು ಬೇರೆ, ನಾನಲ್ಲ.
ನಾನು ಬರೀ ಎಳೆಯುವವನು, ಇಪ್ಪತ್ತಾರು ವರ್ಷದಿಂದ,
ಐಫೆಲ್ ಬೆಟ್ಟದ ಈ ಡಾಂಬರಿನ ಮೇಲಿಂದ
ಒಬ್ಬೊಬ್ಬರ ಭಾನುವಾರವನ್ನು.

ಎಷ್ಟನೇ ಸುತ್ತು? ಮೊದಲನೆಯದೇ?
ಪರದೆಯ ಮೇಲೆ ಸಾವಿರ ಹೊಡೆದಿದ್ದೇನೆ ಅಂತೀಯ.
ಇರಬಹುದು. ತಿರುವಿನ ಹೆಸರೆಲ್ಲ ನಿನಗೆ ಬಾಯಿಪಾಠ,
ನನ್ನ ಮೊಮ್ಮಗಳಿಗೆ ಮಗ್ಗಿ ಬಂದ ಹಾಗೆ.
ಆದರೆ ಪರದೆಗೆ ಇಳಿಜಾರಿಲ್ಲವಪ್ಪ.
ನರಿಕೊಳವೆಯ ತಳದಲ್ಲಿ ಹೊಟ್ಟೆ ಸೀಟಿಗಂಟಿ
ಮರುಗಳಿಗೆ ಗಂಟಲಿಗೆ ಬರುವುದನ್ನು
ಯಾವ ಗಾಜು ಕಲಿಸೀತು?
ಅಲ್ಲಿಂದ ಮೇಲೆ ಹತ್ತುವಾಗ ಆಕಾಶ ಕಾಣುತ್ತದೆ,
ಬಲಗಾಲಿಗೆ ಅಷ್ಟು ಸಾಕು.
ದಿಬ್ಬದಾಚೆ ಅಡೆನೌ ಕಾಡಿನ ತಿರುವು,
ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತ
ತುಂಟ ಹುಡುಗನ ಹಾಗೆ.

ಅಲ್ಲೇ ಮಡಚುಕುರ್ಚಿ ಹಾಕಿ ಕೂತಿರುತ್ತಾರೆ ಜನ,
ಒಂದು ಕೈಯಲ್ಲಿ ಸಾಸೇಜು, ಇನ್ನೊಂದರಲ್ಲಿ ಫೋನು,
ನಿನ್ನಂಥವರಿಗಾಗಿಯೇ ಬಂದವರು.
ಕೆಟ್ಟವರೇನಲ್ಲ.
ನೀನು ಬಾಗಿಲು ತೆರೆದು ಇಳಿದಾಗ ತಟ್ಟಿದರಲ್ಲ ಚಪ್ಪಾಳೆ,
ಅದು ಅಣಕವೂ ಹೌದು,
ಸದ್ಯ, ಬದುಕಿದ್ದಾನೆ ಎಂಬುದೂ ಹೌದು.

ಕಾರು ಕೈಕೊಟ್ಟಿತು ಅನ್ನಬೇಡ.
ಈ ಸೀಟಿಗೆ ಬಂದವರೆಲ್ಲ ಆಡುವ ಮೊದಲ ಮಾತು ಅದು.
ಟೈರು ತಣ್ಣಗಿತ್ತು, ಎಣ್ಣೆ ಚೆಲ್ಲಿತ್ತು,
ಹಿಂದಿನವನು ಮೈಮೇಲೆ ಬಂದ.
ಒಬ್ಬನೇ ಒಬ್ಬ, ಬೆಲ್ಜಿಯಂ ಕಡೆಯ ಅಂಚೆಯವನು,
‘ನನಗೆ ಬರುವುದಿಲ್ಲ, ಬರುತ್ತದೆ ಅಂದುಕೊಂಡಿದ್ದೆ’ ಅಂದ.
ಅವನಿಗೆ ನನ್ನ ಫ್ಲಾಸ್ಕಿನ ಕಾಫಿ ಪೂರ್ತಿ ಬಗ್ಗಿಸಿಕೊಟ್ಟೆ.

ಇನ್ನು ಮೆಖ್ತಿಲ್ಡ್, ಅಡೆನೌ ಬೇಕರಿಯವಳು.
ಗಂಡ ಸತ್ತ ವರ್ಷ ಅವನ ಕಾರು ತಂದಳು, ಅರುವತ್ತರ ಹತ್ತಿರ.
ಇಡೀ ಸುತ್ತು ಬಲದ ದೀಪ ಮಿಣಿಮಿಣಿ,
ಹೋಗಿ, ನೀವು ಮುಂದೆ ಹೋಗಿ, ನೀವೂ ಹೋಗಿ.
ಬೆರ್ಗ್‌ವೆರ್ಕ್ ಹತ್ತಿರ ಮಳೆ ಹಿಡಿಯಿತು
(ಇಲ್ಲಿ ಒಂದೇ ಸುತ್ತಿಗೆ ಎರಡು ಹವಾಮಾನ)
ಅವಳು ಇನ್ನೂ ನಿಧಾನ.
ಬೈಕಿನ ಹುಡುಗನೊಬ್ಬ ಶವಯಾತ್ರೆಯಾ ಅಂತ ಕೂಗಿಹೋದ.
ಎಷ್ಟು ನಿಮಿಷ ತಗೊಂಡಿರಿ ಅಂತ ಕೇಳಿದೆ.
‘ಗಡಿಯಾರ ಒಲೆಯ ಪಕ್ಕದಲ್ಲೇ ಬಿಟ್ಟುಬಂದೆ’ ಅಂದಳು.
ಮರುವಾರ ಮತ್ತೆ ಬಂದಳು. ಅದರ ಮರುವಾರವೂ.
ಈಗ ಆ ದೀಪ ಮಿನುಗುವುದು ಎರಡೋ ಮೂರೋ ಕಡೆ.
ಅವಳನ್ನು ಒಮ್ಮೆಯೂ ಎಳೆದಿಲ್ಲ. ನನಗೆ ನಷ್ಟವೇ.

ನನ್ನದಾ?
ಹತ್ತೊಂಬತ್ತು ನನಗಾಗ, ಅಪ್ಪನ ಒಪೆಲ್,
ನೀನು ಕೂತ ಕಡೆ ಎವಾಲ್ಡ್.
ಸಾಕು ಕಣೋ ಅಂದ. ಎರಡು ಸಲ.
ಕೇಳಿಸಿತ್ತು.
ಕೇಳಿಸಲಿಲ್ಲ ಅಂತ ಪೊಲೀಸರಿಗೆ ಹೇಳಿದೆ.
ಇದ್ದಾನೆ, ಇಲ್ಲೇ ಕೆಳಗಿನ ಊರಲ್ಲಿ.
ಎಡಗೈಯಲ್ಲಿ ಬರೆಯಲು ಕಲಿತ, ಅಕ್ಷರ ದುಂಡಗಿದೆ,
ಪ್ರತಿ ಕ್ರಿಸ್‌ಮಸ್‌ಗೆ ಕಾರ್ಡು ಬರುತ್ತದೆ.

ಹೂಂ.
ಸೇತುವೆ ದಾಟಿತು. ನೋಡು, ಕೈ ನಿಂತಿದೆ.

ಇನ್ನು ಏರು. ಮೂವತ್ತರಲ್ಲೇ ಹೋಗುತ್ತೇನೆ, ಬೈಯಬೇಡ.
ಕಿಟಕಿ ಇಳಿಸು.
ಅದು ಬೀಚ್ ಮರ. ಅದರ ನೆರಳು ಬಿದ್ದಲ್ಲಿ
ಮಧ್ಯಾಹ್ನದವರೆಗೂ ರಸ್ತೆ ಆರುವುದಿಲ್ಲ.
ಇಲ್ಲಿ ವಾಲುತ್ತದೆ, ಗೊತ್ತಾಯಿತಾ, ಸೊಂಟಕ್ಕೆ?
ಇಲ್ಲಿ ಸಂಜೆ ಐದರ ಮೇಲೆ ಬಿಸಿಲು ನೇರ ಕಣ್ಣಿಗೆ.
ಯಾರೋ ಬಿಳಿ ಬಣ್ಣದಲ್ಲಿ ಹೆಂಡತಿಯ ಹೆಸರು ಬರೆದಿದ್ದಾರೆ,
ನೂರಾ ಎಪ್ಪತ್ತರಲ್ಲಿ ಓದಲಾಗುತ್ತಿತ್ತಾ ನಿನಗೆ?
ಕರುಸೆಲ್ ಬಂದಾಗ ಹೇಳುತ್ತೇನೆ,
ಕಾಂಕ್ರೀಟಿನ ಬೋಗುಣಿ ಅದು, ಅಂಚಿನಿಂದ ಇಣುಕು.

ಇನ್ನೂ ಹತ್ತು ಕಿಲೋಮೀಟರಿದೆ.
ಅಮ್ಮನ ಫೋನಾ? ಎತ್ತು, ಎತ್ತು.
ಮೊದಲ ಸುತ್ತಿನಲ್ಲಿದ್ದೇನೆ ಅಂತ ಹೇಳು,
ನಿಧಾನಕ್ಕೆ ಹೋಗುತ್ತಿದ್ದೇವೆ ಅಂತ.
ಸುಳ್ಳೇನಲ್ಲವಲ್ಲ.